ಆಯಿ ಕೊಟ್ಟ 58 ಕಿಲೋ ಜೋಳ

ಹೋಳಿ ಹುಣ್ಣಿಮಿ ಆದ ಐದನೇ ದಿನ ಕಲಬುರಗಿ ಶರಣಬಸವೇಶ್ವರ ತೇರು, ನಿಮಗೆಲ್ಲ ಗೊತ್ತೇ ಅದ. ಈ ಸಲ ಅಪ್ಪನ (ಶರಣಬಸವೇಶ್ವರಗ ನಾವು ಅಪ್ಪ ಅಂತೀವಿ) ದಯೆಯಿಂದ ಪರುಷ ಬಟ್ಟಲ, ಅಂದ್ರ ತೇರಿನ ಹೊತ್ತಿಗೆ ಭಕ್ತರಿಗೆ ತೋರಿಸೋ ಪವಿತ್ರ ಬಟ್ಟಲದ, ದರ್ಶನ ಭಾಳ ಸಮೀಪದಿಂದ ಆತು, ಕಣ್ಣೀರು ತಡೀಲಿಕ್ಕೇ ಆಗ್ಲಿಲ್ಲ. ನನಗ ಆ ಹೊತ್ತಿಗೆ ನಮ್ಮ ಆಯಿ ನೆನಪಾಗ್ತಾಳ, ಅವ್ವನ ಅವ್ವ. ಅಕಿ ಹರಕಿ ಬಗ್ಗೆ ಬರೀಬೇಕಂತ ಭಾಳ ದಿನದಿಂದ ಇತ್ತು.

ನಮ್ಮ ಸೋದರಮಾವ ಮಿಲಿಟ್ರಿಯಾಗ ಇದ್ದ. ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೇರಿದಾಗ ಮೀಸಿ ಸುದ್ದಾ ಸರಿಯಾಗಿ ಬಂದಿದ್ದಿಲ್ಲಂತ. ಕಡೀ ಸಲ ರಜಾಕ್ಕ ಬಂದಾಗ, 1971ರ ಬ್ಯಾಸಿಗಿ, ಮುತ್ಯಾನ ಜೋಡಿ ಜೋಳ ಮಾರಲಿಕ್ಕ ನೆಹರು ಗಂಜಿಗೆ ಹೋಗಿದ್ದ, ಅಲ್ಲಿ ಅಡತಿ ಅಂಗಡ್ಯಾಗ ಹಮಾಲರು ನಗಚಾಟಿಗಿಗಿ ಎತ್ತಿ ಕಾಂಟಾದ ಮ್ಯಾಲ ನಿಂದ್ರಿಸ್ಯಾರ, 58 ಕಿಲೋ ಬಂದದ. ಮನಿಗೆ ಬಂದು ಮುತ್ಯಾ ಹೇಳಿದ್ದು ಆಯಿ ತಲ್ಯಾಗ ಕುಂತುಬಿಡ್ತು. ಲಡಾಯಿ ಸುರು ಆಗ್ತದಂತ ಸುದ್ದಿ ಬಂದಾಗ ಅಕಿ ಅಪ್ಪಗ ಬೇಡಿಕೊಂಡಳು, ನನ್ನ ಮಗ ಹೊಳ್ಳಿ ಬಂದ್ರ ಅವನ ತೂಕದ ಜೋಳ ನಿನ್ನ ದಾಸೋಹಕ್ಕ ಹಾಕ್ತೀನಿ ಅಂತ.

ಡಿಸೆಂಬರ್ 3ಕ್ಕ ಲಡಾಯಿ ಹತ್ತಿತು, 16ಕ್ಕ ಢಾಕಾದಾಗ ಪಾಕಿಸ್ತಾನದ ಫೌಜು ಶರಣಾತು. ರೇಡಿಯೋದಾಗ ಕೇಳಿ ಇಡೀ ಊರಾಗ ಸಕ್ಕರಿ ಹಂಚ್ಯಾರ, ಆಯಿನೂ ಹಂಚ್ಯಾಳ. ತಾರು ಆಮ್ಯಾಲ ಬಂತು. ಪೂರ್ವದ ಕಡೆ, ಈಗಿನ ಬಾಂಗ್ಲಾದೇಶದಾಗ, ಮಾವ ತೀರಿಹೋಗಿದ್ದ. ಇಪ್ಪತ್ತೆರಡು ವರ್ಷದ ಹುಡುಗ. ಆ ಕಾಲದಾಗ ಹೆಣ ಊರಿಗೆ ತರೋ ಪದ್ಧತಿ ಇದ್ದಿಲ್ಲ, ಅಲ್ಲೇ ಸಂಸ್ಕಾರ ಮುಗಸ್ತಿದ್ರು. ಹಣಿಗೆ ಇಬತ್ತಿ ಹಚ್ಚಿ ಮಣ್ಣು ಕೊಡಲಿಕ್ಕೂ ಸಿಗಲಿಲ್ಲ ಅಂತ ಆಯಿ ಸಾಯೋತನಕ ಅಂತಿದ್ದಳು. ಮನಿಗೆ ಬಂದಿದ್ದು ಒಂದು ಕರೀ ಟ್ರಂಕ್ ಅಷ್ಟ. 1999ರಾಗ ಕಾರ್ಗಿಲ್ ಆದಾಗ ಸೈನಿಕರನ್ನ ಪೆಟ್ಟಿಗ್ಯಾಗ ಅವರವರ ಊರಿಗೆ ತರೋದು ಟಿವಿಯಾಗ ನೋಡಿ, ಪಾಪ ಆ ತಾಯಂದಿರಿಗಿ ಮಾರಿಯಾದ್ರೂ ನೋಡ್ಲಾಕ ಸಿಕ್ತಲ್ಲ ಅಂದು ಎದ್ದು ಒಳಗ ಹೋದಳು.

ಮಗ ಬರ್ಲಿಲ್ಲ, ಹರಕಿ ಮುರೀತು, ಇನ್ನ ಕೊಡೋದು ಯಾಕ ಅಂತ ಎಲ್ಲಾರೂ ಅಂದ್ರು. ಸಿಟ್ಟಿನಾಗ ಮುತ್ಯಾ ಗುಡಿಗೆ ಹೋಗೋದೇ ಬಿಟ್ಟಿದ್ದ. ಆದ್ರ 1972ರ ಜಾತ್ರಿಗೆ ಆಯಿ 58 ಕಿಲೋ ತೂಗಿಸಿ ಬಂಡಿಯಾಗ ಹಾಕ್ಕೊಂಡು ಹೊಂಟೇ ಬಿಟ್ಟಳು. ಕೇಳಿದವರಿಗೆ ಅಕಿ ಹೇಳಿದ್ದು ಇಷ್ಟ: "ಅಪ್ಪನ ಮನ್ಯಾಗ ಉಣ್ಣೋರೂ ಯಾರೋ ತಾಯಿ ಹಡದ ಮಕ್ಕಳೇ ಅಲ್ಲೇನು?" ಆಮ್ಯಾಲ ಎಪ್ಪತ್ತೆರಡರ ಬರ ಬಿತ್ತು, ಮನ್ಯಾಗೇ ಕಾಳಿಲ್ಲ, ಆದ್ರೂ ಮುಂದಿನ ಜಾತ್ರಿಗಿ ಅಲ್ಲಿ ಇಲ್ಲಿ ಸಾಲಾ ತಂದು ಅಷ್ಟೇ ತೂಕ ಕೊಟ್ಟಳು.

ನಾ ಸಣ್ಣಾಕಿ ಇದ್ದಾಗ ಕಣ್ಣಾರೆ ನೋಡಿದ್ದು ಒಂದದ. ಚೀಲದ ಬಾಯಿ ಹೊಲಿಯೋಕಿಂತ ಮೊದಲು ಆಯಿ ಸೆರಗು ಸಿಗಿಸಿ ಮೊಳಕೈತನಕ ಕೈ ಜೋಳದಾಗ ಇಳಿಸ್ತಿದ್ದಳು, ಇಳಿಸಿ ಹಂಗೇ ಸುಮ್ಮ ಕುಂದ್ರತಿದ್ದಳು, ಭಾಳ ಹೊತ್ತು. ನನ್ನ ಕೈನೂ ಹಿಡಿದು ಒಳಗ ಇಟ್ಟಳು ಒಮ್ಮೆ. ಹೊರಗ ಮಾರ್ಚಿನ ಬಿಸಿಲು ಸುಡ್ತಿತ್ತು, ಚೀಲದೊಳಗ ಹೊಸಾ ಜೋಳ ತಣ್ಣಗ, ಕಾಳು ಬೆರಳ ಸಂದ್ಯಾಗ ಜಾರ್ತಾವ, ನಡುವ ಆಯಿ ಬೆರಳು ನನ್ನ ಬೆರಳು ಹಿಡಕೊಂಡಾವ. ಏನೂ ಮಾತಾಡ್ಲಿಲ್ಲ. ತೇರಿನ ಗದ್ದಲ, ಉತ್ತತ್ತಿ ಎಸೆಯೋದು, ಎಲ್ಲಾ ಮರೆತರೂ ಆ ತಂಪು ನನ್ನ ಕೈಯಿಂದ ಇನ್ನೂ ಹೋಗಿಲ್ಲ.

ತನ್ನ ಊರು ಅರಳಗುಂಡಗಿಯ ಹೊಲದಾಗ ಹಕ್ಕಿ ಓಡಸದೇ ತೆನಿ ತಿನ್ನಲಿ ಅಂತ ಬಿಟ್ಟು, ಮ್ಯಾಲ ಕುಡಿಲಿಕ್ಕ ನೀರೂ ಇಟ್ಟ ಶರಣ ನಮ್ಮ ಶರಣಬಸಪ್ಪ. 1822ರಾಗ ಲಿಂಗೈಕ್ಯ ಆದ್ರೂ ದಾಸೋಹದ ಒಲಿ ಆರಿಲ್ಲ. ಅಂಥಾ ಜಾಗಾದಾಗ ಈಗ ನಾವು ಮಾಡೋದು ನೋಡ್ರಿ, ಪರುಷ ಬಟ್ಟಲ ತೋರಿಸೋ ಹೊತ್ತಿಗೆ ಕೈ ಮುಗಿಯೋರ್ಗಿಂತ ಮೊಬೈಲ್ ಎತ್ತೋರೇ ಜಾಸ್ತಿ, ಪ್ರಸಾದದ ತಾಟಿನ್ಯಾಗ ಅರ್ಧ ಅನ್ನ ಬಿಟ್ಟು ಏಳ್ತಾರ. ನನಗ ಹೊಟ್ಟಿ ಉರೀತದ, ಆ ಅನ್ನದಾಗ ಯಾವ ತಾಯಿ ಹರಕಿ ಅದನೋ ಯಾರಿಗಿ ಗೊತ್ತು. ದಯಮಾಡಿ ಬೇಕಾದಷ್ಟೇ ನೀಡಿಸಿಕೊಳ್ರಿ.

ಆಯಿ ಹೋದ ಮ್ಯಾಲ ಅವ್ವ ನಡೆಸ್ಯಾಳ. ರೊಕ್ಕ ಕೊಟ್ಟು ಪಾವತಿ ತಗೊಂಡ್ರ ಆತು ಅಂದ್ರ ಅಕಿ ಒಪ್ಪಂಗಿಲ್ಲ, ಕಾಳೇ ಆಗಬೇಕು, ಅದೂ 58ಕ್ಕ ಒಂದು ಹಿಡಿ ಕಮ್ಮಿ ಆಗಬಾರದು. ಈಗ ಅಣ್ಣನ ಮಗನೂ ಫೌಜಿನ್ಯಾಗ ಇದ್ದಾನ. ಅವನ ಸಲುವಾಗಿ ಏನರ ಬೇಡಿಕೊಂಡಿ ಏನವ್ವಾ ಅಂತ ಗುಡಿಯಾಗ ಕೇಳಿದೆ. ಬೇಡಿಲ್ಲ, ಅವನ ಪಾಲಿಂದೂ ಮೊದಲೇ ಕೊಟ್ಟು ಬಿಡೋಣು, ಬರೋ ವರ್ಷದಿಂದ ಎರಡು ಚೀಲ ತೂಗಸು ಅಂದಳು. ಗಂಜಿನ್ಯಾಗ ಈಗೇ ಹೇಳಿಟ್ಟೀನಿ. ಶರಣಬಸಪ್ಪ ನಡೆಸಿಕೊಡಲಿ.