ಗ್ಲೋವ್ ಬಾಕ್ಸ್ ನಿಲ್ತಿಲ್ವಾ? ಲಾಕ್ ಆರ್ಡರ್ ಮಾಡೋ ಮುಂಚೆ ಇಷ್ಟು ನೋಡಿ

"ಗ್ಲೋವ್ ಬಾಕ್ಸ್ ಲಾಕ್ ಹೋಗಿದೆ, ಹೊಸದು ಹಾಕಿಕೊಡಿ" ಅಂತ ಗಾಡಿ ತಂದು ನಿಲ್ಲಿಸಿದವರ ಮಾತನ್ನು ಅರ್ಧ ಮಾತ್ರ ನಂಬಬೇಕು. ಪಕ್ಕದ ಸೀಟಿನ ಎದುರಿಗಿರೋ ಈ ಸಾಮಾನು ಡಬ್ಬಿ ಮುಚ್ಚಿ ನಿಲ್ತಿಲ್ಲ ಅನ್ನೋದು ನಿಜ. ಹೋಗಿರೋದು ಲಾಕೇ ಅನ್ನೋದು ಅವರ ಊಹೆ. ಬಾಗಿಲಲ್ಲಿರೋ ಲಾಕ್, ಅದು ಸಿಕ್ಕಿಕೊಳ್ಳೋ ಡ್ಯಾಶ್‌ಬೋರ್ಡಿನ ಕೊಂಡಿ, ಬಾಗಿಲು ತಿರುಗೋ ಕೆಳಗಿನ ಹಿಂಜ್, ಮೂಲೆಯಲ್ಲಿರೋ ರಬ್ಬರ್ ಗುಂಡಿ, ಈ ನಾಲ್ಕರಲ್ಲಿ ಯಾವುದು ಕೈಕೊಟ್ಟರೂ ಹೊರಗೆ ಕಾಣೋದು ಒಂದೇ: ಹಂಪ್ ಹಾರಿಸಿದ ತಕ್ಷಣ ಬಾಗಿಲು ಬಾಯಿ ಬಿಡುತ್ತೆ, ಒಳಗಿನ ಆರ್‌ಸಿ, ಇನ್ಶೂರೆನ್ಸ್ ಎಲ್ಲ ಕಾಲಡಿಗೆ ಬೀಳುತ್ತೆ. ಹೊಸ ಲಾಕ್ ಹಾಕಿ ಕಳಿಸಿದ ಗಾಡಿ ಅದೇ ದೂರು ಹೊತ್ತು ವಾಪಸ್ ಬರೋದು ಇದಕ್ಕೇ.

ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗರು ಮೊದಲು ಕಲಿಯಬೇಕಾದ್ದು ಸ್ಕ್ರೂಡ್ರೈವರ್ ಮುಟ್ಟದೇ ಮಾಡೋ ಪರೀಕ್ಷೆ. ಬಾಗಿಲು ತೆರೆದಿರುವಾಗಲೇ ಲಾಕಿನ ನಾಲಿಗೆಯನ್ನು, ಅಂದರೆ ಕೊಂಡಿಗೆ ಸಿಕ್ಕಿಕೊಳ್ಳೋ ತುಂಡನ್ನು, ಹೆಬ್ಬೆರಳಿಂದ ಒಳಗೆ ಒತ್ತಿ, ಬಿಡಿ. ಟಪ್ ಅಂತ ಪೂರ್ತಿ ಹೊರಗೆ ಬರಬೇಕು. ಆಮೇಲೆ ಹಿಡಿಕೆ ಎಳೀರಿ. ನಾಲಿಗೆ ಪೂರ್ತಿ ಒಳಗೆ ಹೋಗಬೇಕು, ಬಿಟ್ಟ ತಕ್ಷಣ ಹಿಡಿಕೆ ತನ್ನ ಜಾಗಕ್ಕೆ ಬರಬೇಕು. ಇಷ್ಟೂ ಸರಿಯಿದ್ದರೆ ಲಾಕಿನಲ್ಲಿ ತಪ್ಪಿಲ್ಲ, ಕೊಂಡಿ ಮತ್ತು ಹಿಂಜ್ ಕಡೆ ನೋಡಿ. ನಾಲಿಗೆ ಸೋಮಾರಿಯಾಗಿ ಅರ್ಧಕ್ಕೆ ಬಂದು ನಿಂತರೆ ಧೂಳು, ಇಲ್ಲವೇ ಸ್ಪ್ರಿಂಗ್ ಸತ್ತಿದೆ. ಹಿಡಿಕೆ ಲೊಡಲೊಡ ಅಂತ ಸುಮ್ಮನೆ ಬರ್ತಿದ್ದರೆ ಒಳಗಿನ ಪ್ಲಾಸ್ಟಿಕ್ ಪಿನ್ ಮುರಿದಿದೆ.

ಎರಡನೇ ಪರೀಕ್ಷೆಗೆ ಬೇಕಾದ ಸಾಮಾನು ಬಹಳಷ್ಟು ಗಾಡಿಗಳ ಡ್ಯಾಶ್‌ಬೋರ್ಡ್ ಮೇಲೇ ಇರುತ್ತೆ: ವಿಭೂತಿ. ಇಲ್ಲದಿದ್ದರೆ ಸೀಮೆಸುಣ್ಣ. ನಾಲಿಗೆ ತುದಿಗೆ ತೆಳ್ಳಗೆ ಹಚ್ಚಿ, ಬಾಗಿಲು ಒಂದು ಸಲ ಮುಚ್ಚಿ ತೆರೆಯಿರಿ, ಟಾರ್ಚ್ ಬಿಟ್ಟು ಕೊಂಡಿ ನೋಡಿ. ಬಿಳಿ ಗುರುತು ಕೊಂಡಿಯ ಒಳಬದಿಯಲ್ಲಿ ಅಗಲವಾಗಿ ಬಿದ್ದಿದ್ದರೆ ಸರಿ. ಅಂಚಿಗೆ ಮಾತ್ರ ಗೀರಿದ್ದರೆ ನಾಲಿಗೆ ತುದಿಯಲ್ಲಷ್ಟೇ ನೇತಾಡ್ತಿದೆ. ಕೊಂಡಿಯ ಕೆಳಗೋ ಪಕ್ಕಕ್ಕೋ ಬಿದ್ದಿದ್ದರೆ ಬಾಗಿಲು ಇಳಿದಿದೆ ಇಲ್ಲವೇ ವಾರೆಯಾಗಿದೆ. ಎರಡೇ ನಿಮಿಷದ ಈ ಕೆಲಸ ಬಿಟ್ಟು ನೇರ ಬಿಚ್ಚೋಕೆ ಕೂತವರು ಆಮೇಲೆ ಮಧ್ಯಾಹ್ನದವರೆಗೂ ಬಿಚ್ತಾನೇ ಇರ್ತಾರೆ.

ಕೊಂಡಿ ಜರುಗಿದ್ದರೆ ಸರಿ ಮಾಡೋದು ಸುಲಭ. ಬಹಳಷ್ಟು ಗಾಡಿಗಳಲ್ಲಿ ಅದು ಎರಡು ಸ್ಕ್ರೂ ಮೇಲೆ ಕೂತಿರುತ್ತೆ, ತೂತು ಉದ್ದುದ್ದವಾಗಿರುತ್ತೆ. ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿ, ಕೊಂಡಿಯನ್ನು 1 ಅಥವಾ 2 ಮಿ.ಮೀ. ಸರಿಸಿ, ಬಿಗಿ ಮಾಡಿ, ಮತ್ತೆ ವಿಭೂತಿ ಹಚ್ಚಿ ನೋಡಿ. ಒಂದು ಎಚ್ಚರಿಕೆ ಇದೆ. ಈ ಸ್ಕ್ರೂಗಳು ನೇರ ಪ್ಲಾಸ್ಟಿಕ್ಕಿಗೆ ಹೋಗೋವು. ವಾಪಸ್ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ. ಹಳೇ ಥ್ರೆಡ್ ಸಿಕ್ಕ ಕ್ಷಣ ಸ್ಕ್ರೂ ಸ್ವಲ್ಪ ಕೆಳಗೆ ಇಳಿದಂಗೆ ಕೈಗೆ ಗೊತ್ತಾಗುತ್ತೆ, ಅಲ್ಲಿಂದ ಮುಂದಕ್ಕೆ ತಿರುಗಿಸಿ. ಡ್ರಿಲ್ ಮಷೀನ್ ಹಾಕಿ ಕೊರ್ರ್ ಅನ್ನಿಸಿದರೆ ಥ್ರೆಡ್ ಪುಡಿಯಾಗುತ್ತೆ. ಆಮೇಲೆ ಒಂದು ಸೈಜು ದಪ್ಪದ ಸ್ಕ್ರೂ ಹುಡುಕಬೇಕು, ಅದೂ ಒಂದೇ ಸಲಕ್ಕೆ ನಡೆಯೋ ಉಪಾಯ.

ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ಗಾಡಿಗಳಲ್ಲಿ ಈ ಲಾಕ್ ಬೇಗ ಹಾಳಾಗೋಕೆ ಎರಡು ಕಾರಣ ಎದ್ದು ಕಾಣುತ್ತೆ. ಮೊದಲನೆಯದು ಧೂಳು. ಭೀಮಸಮುದ್ರದ ಕಡೆ ಅದಿರಿನ ಲಾರಿ ಓಡೋ ರಸ್ತೆಯಲ್ಲಿ ತಿರುಗೋ ಗಾಡಿಯ ಲಾಕ್ ಬಿಚ್ಚಿದರೆ ಕೆಂಪು ಪುಡಿ ಉದುರುತ್ತೆ. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹೊಡೆಯೋ ಗೂಡ್ಸ್ ಗಾಡಿಯಾದರೆ ಹೊಟ್ಟಿನ ಧೂಳು. ಇದಕ್ಕೆ ಇಂಜಿನ್ ಆಯಿಲ್ ಒಂದು ಹನಿ ಬಿಟ್ಟರೆ ಅವತ್ತು ಬೆಣ್ಣೆಯಂಗೆ ಆಡುತ್ತೆ. ಕೆಲವೇ ದಿನದಲ್ಲಿ ಎಣ್ಣೆ ಧೂಳು ಸೇರಿ ಅಂಟು ಹಿಟ್ಟಾಗಿ ನಾಲಿಗೆಯನ್ನು ಹಿಡಿದು ನಿಲ್ಲಿಸುತ್ತೆ. ಡಬ್ಲ್ಯೂಡಿ-40 ತೊಳೆಯೋಕೆ ಚೆನ್ನಾಗಿದೆ, ಜಾರಿಸೋಕೆ ಅಂತ ಅದನ್ನೇ ಬಿಟ್ಟು ಸುಮ್ಮನಾಗಬೇಡಿ. ಹಳೇ ಹಲ್ಲುಜ್ಜೋ ಬ್ರಷ್ಷಿಂದ ಧೂಳು ತೆಗೆದು, ಗಾಳಿ ಹೊಡೆದು, ಒಣಗಿದ ಮೇಲೆ ನಾಲಿಗೆ ಜಾರೋ ಜಾಗಕ್ಕೆ ಬಿಳಿ ಲಿಥಿಯಂ ಗ್ರೀಸು ಅಕ್ಕಿಕಾಳಿನಷ್ಟು ಹಚ್ಚಿ. ಹೆಚ್ಚು ಬೇಡ.

ಎರಡನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಗಾಜು ಏರಿಸಿ ಬಯಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಬಿಸಿ 60 ಡಿಗ್ರಿ ದಾಟುತ್ತೆ, ಡ್ಯಾಶ್‌ಬೋರ್ಡ್ ಅದಕ್ಕಿಂತಲೂ ಕಾಯುತ್ತೆ. ಆ ಹೊತ್ತಲ್ಲಿ ಡಬ್ಬಿಯೊಳಗೆ ಪಾನಾ, ಪಂಕ್ಚರ್ ಕಿಟ್, ಚಿಲ್ಲರೆ ಕಾಸಿನ ಗಂಟು ಅಂತ ಎರಡು ಕೆಜಿ ತುಂಬಿಟ್ಟಿದ್ದರೆ ಪ್ಲಾಸ್ಟಿಕ್ ನಿಧಾನಕ್ಕೆ ಹೊಟ್ಟೆ ಬಿಡುತ್ತೆ, ಬಾಗಿಲಿನ ಸಾಲು ತಪ್ಪುತ್ತೆ. "ಬೆಳಗ್ಗೆ ಮುಚ್ಚುತ್ತೆ, ಸಂಜೆ ಮುಚ್ಚಲ್ಲ" ಅನ್ನೋ ವಿಚಿತ್ರ ದೂರಿನ ಮೂಲ ಇದು. ಕೊಂಡಿ ಸರಿಸೋ ಕೆಲಸವನ್ನು ಗಾಡಿ ನೆರಳಲ್ಲಿ ತಣ್ಣಗಾದ ಮೇಲೆ ಮಾಡಿ. ಕಾದಾಗ ಕೂರಿಸಿದ ಅಳತೆ ತಣ್ಣಗಾದಾಗ ಇರೋದಿಲ್ಲ.

ಮೂರನೆಯದೊಂದಿದೆ, ಅದು ಗಾಡಿಯ ತಪ್ಪಲ್ಲ, ನಮ್ಮ ಕೈ ತಪ್ಪು. ಬಹಳಷ್ಟು ಕಾರುಗಳಲ್ಲಿ ಎಸಿಯ ಕ್ಯಾಬಿನ್ ಫಿಲ್ಟರ್ ಇರೋದು ಗ್ಲೋವ್ ಬಾಕ್ಸ್ ಹಿಂದೆ. ಧೂಳಿನ ಊರು ಅಂದಮೇಲೆ ಫಿಲ್ಟರ್ ಮೇಲಿಂದ ಮೇಲೆ ತೆಗೆಯಬೇಕು. ಡಬ್ಬಿಯ ಎರಡೂ ಪಕ್ಕ ಒಂದೊಂದು ತಡೆ ಇರುತ್ತೆ, ಬಾಗಿಲು ಪೂರ್ತಿ ಬೀಳದ ಹಾಗೆ ಹಿಡಿಯೋದು ಅದೇ. ಎರಡೂ ಅಂಗೈಯಿಂದ ಡಬ್ಬಿಯ ಗೋಡೆಗಳನ್ನು ಸಮನಾಗಿ ಒಳಗೆ ಒತ್ತಿದರೆ ತಡೆ ಬಿಟ್ಟು ಡಬ್ಬಿ ಕೆಳಗಿಳಿಯುತ್ತೆ. ಬಲಗಡೆಯೋ ಎಡಗಡೆಯೋ ಬಾಗಿಲನ್ನು ನಿಧಾನಕ್ಕೆ ಇಳಿಸೋ ಒಂದು ಸಣ್ಣ ಡ್ಯಾಂಪರ್ ಇದ್ದರೆ ಅದರ ಕೊಕ್ಕೆಯನ್ನು ಮೊದಲೇ ಬಿಡಿಸಿ. ಒಂದು ಪಕ್ಕ ಮಾತ್ರ ಒತ್ತಿ ಜಗ್ಗಿದರೆ ಇನ್ನೊಂದು ಪಕ್ಕದ ತಡೆ ಚಿಟ್ ಅನ್ನುತ್ತೆ, ಹಿಂಜ್ ತಿರುಚಿಕೊಳ್ಳುತ್ತೆ. ಅವತ್ತು ಏನೂ ಗೊತ್ತಾಗಲ್ಲ. ತಿಂಗಳು ಬಿಟ್ಟು ಬಾಗಿಲು ಒಂದು ಕಡೆ ಎದ್ದು ನಿಂತಾಗ ಎಲ್ಲರೂ ಲಾಕಿಗೆ ಬೈತಾರೆ.

ಡಬ್ಬಿ ಪೂರ್ತಿ ಹೊರಗೆ ತೆಗೀಬೇಕಾದರೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ಸಾಮಾನ್ಯವಾಗಿ 10 ನಂಬರ್ ಪಾನಾ, ಮೂರು ನಿಮಿಷವಾದರೂ ಕಾಯಿರಿ. ಪಕ್ಕದ ಸೀಟಿನ ಏರ್‌ಬ್ಯಾಗ್ ಕೂತಿರೋದು ಇದರ ನೆತ್ತಿಯ ಮೇಲೇ. ಹಳದಿ ಕನೆಕ್ಟರ್, ಹಳದಿ ವೈರು ಕಂಡರೆ ಮುಟ್ಟಬೇಡಿ, ಟೆಸ್ಟ್ ಲ್ಯಾಂಪ್ ಅಂತೂ ಹಚ್ಚಲೇಬೇಡಿ. ಕೆಲವು ಗಾಡಿಯ ಸ್ಟೀರಿಯೋ ಬ್ಯಾಟರಿ ತೆಗೆದರೆ ಕೋಡ್ ಕೇಳುತ್ತೆ, ಗಿರಾಕಿ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ಲಾಕೇ ಹೋಗಿದ್ದರೆ. ಒಂದೇ ನಾಲಿಗೆಯ ಲಾಕ್ ಆದರೆ ಬಾಗಿಲಿನ ಒಳಚರ್ಮದ ಸ್ಕ್ರೂ ಬಿಚ್ಚಿದರೆ ಇಡೀ ಲಾಕ್ ಕೈಗೆ ಬರುತ್ತೆ. ಕಷ್ಟ ಕೊಡೋದು ಎರಡೂ ಪಕ್ಕ ಕಡ್ಡಿ ಹೋಗೋ ಜಾತಿ. ಹಿಡಿಕೆ ಎಳೆದಾಗ ನಡುವಿನ ಹಲ್ಲುಚಕ್ರ ತಿರುಗಿ ಎಡ, ಬಲದ ಕಡ್ಡಿಗಳನ್ನು ಒಟ್ಟಿಗೆ ಒಳಗೆಳೆಯುತ್ತೆ. ಬಿಚ್ಚೋ ಮುಂಚೆ ಚಕ್ರಕ್ಕೂ ಎರಡು ಕಡ್ಡಿಗೂ ಮಾರ್ಕರಿನಿಂದ ಒಂದೊಂದು ಗೆರೆ ಹಾಕಿ, ಫೋನಲ್ಲಿ ಫೋಟೋ ಹಿಡಿಯಿರಿ. ಒಂದು ಹಲ್ಲು ತಪ್ಪಿ ಕೂತರೂ ಒಂದು ಕಡೆ ಸಿಕ್ಕಿಕೊಳ್ಳುತ್ತೆ, ಇನ್ನೊಂದು ಕಡೆ ಬಿಟ್ಟುಕೊಂಡಿರುತ್ತೆ. ಸ್ಪ್ರಿಂಗ್ ಹಾರೋ ದಿಕ್ಕಿಗೆ ಕೈ ಅಡ್ಡ ಇರಲಿ, ಕೆಳಗೆ ಬಿಳೀ ಬಟ್ಟೆ ಹಾಸಿರಲಿ. ಕಪ್ಪು ಕಾರ್ಪೆಟ್ಟಿಗೆ ಬಿದ್ದ ಸ್ಪ್ರಿಂಗ್ ಸಿಗೋದಿಲ್ಲ.

ಮುರಿದ ಪ್ಲಾಸ್ಟಿಕ್ಕಿಗೆ ಫೆವಿಕ್ವಿಕ್ ಹಾಕೋ ಚಾಳಿ ಬಿಡಿ. ಅದು ತೆಳ್ಳಗೆ ಹರಿದು ಪಿನ್ ಸಂದಿಗೆ ಇಳಿದು ಆಡೋ ಭಾಗವನ್ನೇ ಕಚ್ಚಿಸಿಬಿಡುತ್ತೆ. ಮೇಲಾಗಿ ಗಟ್ಟಿಯಾದ ಮೇಲೆ ಪೆಟ್ಟು ತಡೆಯೋದಿಲ್ಲ. ಭಾಗದ ಹಿಂಬದಿಯಲ್ಲಿ ಯಾವ ಪ್ಲಾಸ್ಟಿಕ್ ಅಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತೆ, ಓದಿ. ಎಬಿಎಸ್ ಅಂತಿದ್ದರೆ ಕೆರೆದು ಒರಟು ಮಾಡಿ ಅರಾಲ್ಡೈಟ್ ಹಚ್ಚಬಹುದು. ರಾಳ, ಗಟ್ಟಿಕಾರಕ ಎರಡೂ ಸಮ ಅಳತೆ, ಸಾದಾ ಅರಾಲ್ಡೈಟ್ ಆದರೆ ರಾತ್ರಿಯಿಡೀ ಬಿಡಬೇಕು. ಪಿಪಿ ಅಂತಿದ್ದರೆ ಯಾವ ಅಂಟೂ ನೆಟ್ಟಗೆ ಹಿಡಿಯೋದಿಲ್ಲ, ಸೋಲ್ಡರಿಂಗ್ ಐರನ್ನಿಂದ ತಂತಿ ಕಾಸಿ ಹೊಲಿಗೆಯಂತೆ ಹುದುಗಿಸಬೇಕು. ಪಿಒಎಂ ಅಂತಿದ್ದರೆ, ನಾಲಿಗೆಗಳು ಹೆಚ್ಚಾಗಿ ಇದರದ್ದೇ, ರಿಪೇರಿ ಯೋಚನೆ ಬಿಟ್ಟು ಹೊಸದು ತರಿಸಿ.

ಕೀಲಿ ಇರೋ ಲಾಕ್ ಬಿಗಿಯಾಗಿ ತಿರುಗ್ತಿದ್ದರೆ ಅದಕ್ಕೆ ಎಣ್ಣೆ ಬೇಡವೇ ಬೇಡ. ಪೆನ್ಸಿಲ್ ಸೀಸವನ್ನು ಕೀಲಿಯ ಹಲ್ಲಿಗೆ ಚೆನ್ನಾಗಿ ಉಜ್ಜಿ, ಹತ್ತಾರು ಸಲ ಒಳಗೆ ಹೊರಗೆ ಆಡಿಸಿ. ಡೂಪ್ಲಿಕೇಟ್ ಕೀಲಿಯಲ್ಲಿ ಸುಲಭವಾಗಿ ತಿರುಗಿದರೆ ದೋಷ ಸವೆದ ಕೀಲಿಯದ್ದು. ಹೊಸ ಲಾಕ್ ಹಾಕುವಾಗ ಹಳೇ ಬ್ಯಾರಲನ್ನೇ, ಅಂದರೆ ಕೀಲಿ ತೂರಿಸೋ ಕೊಳವೆಯನ್ನೇ, ಅದಕ್ಕೆ ವರ್ಗಾಯಿಸಿದರೆ ಗಿರಾಕಿ ಎರಡೆರಡು ಕೀಲಿ ಇಟ್ಟುಕೊಂಡು ತಿರುಗೋದು ತಪ್ಪುತ್ತೆ. ಬ್ಯಾರಲ್ ಒಳಗೆ ಸಾಲಾಗಿ ಹಿತ್ತಾಳೆ ಬಿಲ್ಲೆಗಳಿರುತ್ತೆ, ಪ್ರತಿಯೊಂದರ ಕೆಳಗೆ ಕೂದಲೆಳೆಯಂಥ ಸ್ಪ್ರಿಂಗು. ಕೀಲಿ ಒಳಗಿಟ್ಟುಕೊಂಡೇ ಬ್ಯಾರಲ್ ಹೊರಗೆಳೆಯಿರಿ, ಬಿಲ್ಲೆ ಉದುರೋದಿಲ್ಲ. ಉದುರಿ ಸಾಲು ಅದಲುಬದಲಾಯಿತೋ, ಆ ಕೀಲಿ ಮತ್ತೆ ಆ ಬೀಗಕ್ಕೆ ನಂಟಲ್ಲ.

ಮುಚ್ಚಿದ್ದು ತೆರೀತಾನೇ ಇಲ್ಲ ಅಂದರೆ ದೊಡ್ಡ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ನೂರಾರು ರೂಪಾಯಿ ಲಾಕಿಗೆ ಸಾವಿರಗಟ್ಟಲೆ ಬೆಲೆಯ ಡ್ಯಾಶ್‌ಬೋರ್ಡಿನ ಅಂಚು ಹೋಗುತ್ತೆ. ಒಬ್ಬರು ಅಂಗೈಯಿಂದ ಬಾಗಿಲನ್ನು ಒಳಗೆ ಒತ್ತಿ ಹಿಡಿದು ಇನ್ನೊಬ್ಬರು ಹಿಡಿಕೆ ಎಳೆಯೋದು ಮೊದಲ ಪ್ರಯತ್ನ. ಒಳಗೆ ಫೈಲ್ ಅಡ್ಡಬಂದು ನಾಲಿಗೆ ಮೇಲೆ ಭಾರ ಬಿದ್ದಿದ್ದರೆ ಇಷ್ಟಕ್ಕೇ ಬಿಡುತ್ತೆ. ಬಗ್ಗದಿದ್ದರೆ ಡ್ಯಾಶ್‌ಬೋರ್ಡಿನ ಪಕ್ಕದ ಮುಚ್ಚಳ, ಕಾರಿನ ಬಾಗಿಲು ತೆರೆದಾಗ ಕಾಣೋದು, ಪ್ಲಾಸ್ಟಿಕ್ ಮೀಟುಗೋಲಿನಿಂದ ತೆಗೆದು ಒಳಗಿನಿಂದ ಕೊಂಡಿಯ ಸ್ಕ್ರೂ ಸಿಗುತ್ತಾ ನೋಡಿ. ಅದೂ ಆಗದಿದ್ದರೆ ಕೆಳಗಿನ ಹಿಂಜ್ ಬಿಡಿಸಿ, ಡಬ್ಬಿಯನ್ನು ತಳದಿಂದ ಹೊರಗೆ ವಾಲಿಸಿ ಕೈ ತೂರಿಸಬಹುದು.

ಮೂಲೆಯ ರಬ್ಬರ್ ಗುಂಡಿ ಬಿದ್ದುಹೋಗಿದ್ದರೆ ಬಾಗಿಲು ಗಲಗಲ ಅಲುಗಿ ನಾಲಿಗೆ ಸವೆಯುತ್ತೆ. ಗಲಗಲ ನಿಲ್ಲಲಿ ಅಂತ ದಪ್ಪ ಫೋಮ್ ಅಂಟಿಸಿದರೆ ನಾಲಿಗೆ ಕೊಂಡಿ ತಲುಪೋದೇ ಇಲ್ಲ. ಮುಚ್ಚಿದ ಬಾಗಿಲನ್ನು ಬೆರಳಿಂದ ಒತ್ತಿದಾಗ ಒಂದು ಕೂದಲಷ್ಟು ಒಳಗೆ ಹೋಗಬೇಕು, ಅದಕ್ಕಿಂತ ಹೆಚ್ಚಾದರೆ ಗುಂಡಿ ಗಿಡ್ಡ, ಏನೂ ಹೋಗದಿದ್ದರೆ ಎತ್ತರ.

ಸ್ಪೇರ್ ಅಂಗಡಿಗೆ ಹೋಗುವಾಗ ಮಾಡೆಲ್ ಹೆಸರು ಸಾಲದು. ತಯಾರಾದ ವರ್ಷ, ಚಾಸಿಸ್ ನಂಬರು, ಒಳಗಿನ ಬಣ್ಣ ಕಪ್ಪೋ ತಿಳಿ ಕಂದೋ (ಬೇಜ್), ಕೀಲಿ ಇರೋದೋ ಇಲ್ಲದ್ದೋ ಹೇಳಿ. ಹಳೇ ಲಾಕ್ ಕೈಯಲ್ಲೇ ಇದ್ದರೆ ಇನ್ನೂ ಒಳ್ಳೇದು. ಕೆಲವು ಗಾಡಿಗೆ ಲಾಕ್ ಬಿಡಿಯಾಗಿ ಸಿಗದೆ ಬಾಗಿಲು ಸಮೇತ ಕೊಳ್ಳಬೇಕಾಗುತ್ತೆ, ಅಂಥದ್ದಕ್ಕೆ ಗುಜರಿಯಲ್ಲಿ ವಿಚಾರಿಸೋದೇ ವಾಸಿ.

ಕೆಲಸ ಮುಗಿದ ಮೇಲೆ ಗಿರಾಕಿಯ ಸಾಮಾನು ಎಲ್ಲ ವಾಪಸ್ ತುಂಬಿಯೇ ಪರೀಕ್ಷೆ ಮಾಡಿ, ಖಾಲಿ ಡಬ್ಬಿ ಯಾವಾಗಲೂ ಚೆನ್ನಾಗೇ ಮುಚ್ಚುತ್ತೆ. ಒಳಗೆ ಬಲ್ಬ್ ಇರೋ ಗಾಡಿಯಾದರೆ ಫೋನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಮುಚ್ಚಿ ತೆಗೆದು ನೋಡಿ. ಬಾಗಿಲು ಸರಿಯಾಗಿ ಕೂರದಿದ್ದರೆ ಸ್ವಿಚ್ ಒತ್ತೋದಿಲ್ಲ, ಬಲ್ಬ್ ಉರೀತಾನೇ ಇರುತ್ತೆ. 5 ವ್ಯಾಟ್ ಬಲ್ಬ್ ಒಂದು ದಿನಕ್ಕೆ ಸುಮಾರು 10 ಆಂಪಿಯರ್-ಅವರ್ ತಿನ್ನುತ್ತೆ, 35 ಆಂಪಿಯರ್-ಅವರ್ ಬ್ಯಾಟರಿಯಾದರೆ ಮೂರನೇ ದಿನ ಗಾಡಿ ಸ್ಟಾರ್ಟ್ ಆಗೋದು ಅನುಮಾನ. ಆಗ ಗಿರಾಕಿ ಬರೋದು ಬ್ಯಾಟರಿ ದೂರು ಹಿಡಿದುಕೊಂಡು, ಗ್ಲೋವ್ ಬಾಕ್ಸ್ ಅವರಿಗೆ ನೆನಪೂ ಇರೋದಿಲ್ಲ.