ಹಿಂದಿನ ಸಾಲಿನಲ್ಲಿ ಕೂತು ನೋಡಿ ಕೊಂಡ ಗಾಡಿ

ನಮ್ಮ ಮನೆಯಲ್ಲಿ ಕಾರು ಬಿಡುವುದು ನಾನು. ಗಂಡನಿಗೆ ಲೈಸನ್ಸ್ ಇದೆ, ಆಸಕ್ತಿ ಇಲ್ಲ. ತೋಟದಲ್ಲಿ ಪಂಪು, ಸ್ಪ್ರಿಂಕ್ಲರ್ ಅಂತ ಇಡೀ ದಿನ ಬಗ್ಗಿ ನಿಲ್ಲುತ್ತಾರೆ, ಸ್ಟೇರಿಂಗ್ ಹಿಡಿದ ಕೂಡಲೇ ಬೆನ್ನು ನೋವು ಶುರು. ಹಾಗಾಗಿ ಏಳು ಸೀಟಿನ ಹಳೆ ಗಾಡಿ ಹುಡುಕುವ ಕೆಲಸ ಪೂರ್ತಿ ನನ್ನ ತಲೆಗೇ ಬಂತು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಮನೆ. ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್ ಕೆಲಸ. ಅತ್ತೆ, ಮಾವ, ನನ್ನ ಅಮ್ಮ, ನಾವಿಬ್ಬರು, ಮಕ್ಕಳಿಬ್ಬರು. ಸರಿಯಾಗಿ ಏಳು ಜನ.

ಸಣ್ಣ ಕಾರೊಂದು ಇತ್ತು. ದಿನದ ಓಡಾಟಕ್ಕೆ ಅದು ಸಾಕು. ಆದರೆ ವಿಟ್ಲದಲ್ಲೋ ಕುಂಬಳೆಯಲ್ಲೋ ಒಂದು ಉಪನಯನ ಬಂದರೆ ನಮ್ಮಲ್ಲಿ ಮನೆ ಕಾಯಲು ಯಾರೂ ಉಳಿಯುವುದಿಲ್ಲ. ಮಂಗಳೂರಿನ ಆಸ್ಪತ್ರೆಗೂ ಅಷ್ಟೇ. ಡಾಕ್ಟರಿಗೆ ತೋರಿಸುವುದು ಒಬ್ಬರಿಗೆ, ಹೊರಡುವುದು ನಾಲ್ಕೈದು ಜನ. ಪ್ರತಿ ಸಲ ಬಾಡಿಗೆ ಜೀಪು ಹೇಳಬೇಕು, ಅದು ಬರುವ ತನಕ ಕಾಯಬೇಕು. ಹೊಸ ಗಾಡಿಯ ಯೋಚನೆಯೇ ಇರಲಿಲ್ಲ. ಅಡಿಕೆಗೆ ರೇಟು ಇರುವ ವರ್ಷ ಕೊಳೆರೋಗ, ಕೊಳೆರೋಗ ಇಲ್ಲದ ವರ್ಷ ರೇಟಿಲ್ಲ. ಏಳು ಲಕ್ಷದ ಆಸುಪಾಸು ಅಂತ ನಿಶ್ಚಯ ಮಾಡಿಕೊಂಡು 2024ರ ಬೇಸಿಗೆ ರಜೆಯಲ್ಲಿ ಹುಡುಕಲು ಶುರು ಮಾಡಿದೆ.

ಕೇಳಿದವರೆಲ್ಲ ಹೇಳಿದ್ದು ಒಂದೇ, ಇನ್ನೋವಾ. 2005ರಲ್ಲಿ ಕ್ವಾಲಿಸ್ ಹೋಗಿ ಇನ್ನೋವಾ ಬಂದ ಮೇಲೆ ನಮ್ಮ ಕಡೆ ದೊಡ್ಡ ಗಾಡಿ ಅಂದರೆ ಅದೇ. ಒಳ್ಳೆಯ ಗಾಡಿ, ಒಪ್ಪುತ್ತೇನೆ. ಆದರೆ ಎಷ್ಟು ಹಳತಾದರೂ ಅದರ ಬೆಲೆ ಇಳಿಯುವುದಿಲ್ಲ. ನನ್ನ ದುಡ್ಡಿಗೆ ಸಿಗುತ್ತಿದ್ದದ್ದು 2016ರಲ್ಲಿ ಅದರ ಹೊಸ ಮಾದರಿ ಕ್ರಿಸ್ಟಾ ಬರುವುದಕ್ಕಿಂತ ಹಿಂದಿನವು, ಅದರಲ್ಲೂ ಎರಡು ಲಕ್ಷ ಕಿಲೋಮೀಟರ್ ದಾಟಿದವು. "ಆ 2.5 ಲೀಟರ್ ಎಂಜಿನಿಗೆ ಎರಡು ಲಕ್ಷ ಏನೂ ಅಲ್ಲ ಟೀಚರೇ, ಟೈಮಿಂಗ್ ಬೆಲ್ಟ್ ಹಾಕಿಸಿದ ಬಿಲ್ಲು ಮಾತ್ರ ಕೇಳಿ" ಅಂದರು ನಮ್ಮ ಮೆಕ್ಯಾನಿಕ್. ಬಿಲ್ಲು ಇಟ್ಟುಕೊಂಡವರು ಯಾರೂ ಸಿಗಲಿಲ್ಲ.

ಎರ್ಟಿಗಾ ಮೈಲೇಜಿಗೆ ಚೆಂದ. ಏಳು ಜನ ಕೂತು ನಮ್ಮ ಗುಡ್ಡೆ ಹತ್ತಬೇಕು ಅನ್ನುವಾಗ ಸಣ್ಣ ಎಂಜಿನ್ ಬೇಡ ಅನ್ನಿಸಿತು. ಹಳೆಯ ಸ್ಕಾರ್ಪಿಯೋದ ಹಲವು ಮಾದರಿಗಳಲ್ಲಿ ಹಿಂದೆ ಎದುರುಬದುರು ಅಡ್ಡ ಸೀಟು. ಮಕ್ಕಳನ್ನು ಅಲ್ಲಿ ಕೂರಿಸಿ ಹೈವೇಯಲ್ಲಿ ಹೋಗಲು ನನಗೆ ಧೈರ್ಯವಿಲ್ಲ. ಉಳಿದದ್ದು ಎಕ್ಸ್‌ಯುವಿ500. 2011ರಲ್ಲಿ ಮಹೀಂದ್ರಾದಿಂದ ಬಂದದ್ದು, 2015ರಲ್ಲಿ ಮುಖ ಬದಲಾಯಿತು. 2.2 ಲೀಟರ್ ಡೀಸೆಲ್, 140 ಹಾರ್ಸ್‌ಪವರ್, ಆರು ಗೇರು. ಲಾರಿಯ ಹಾಗೆ ಚಾಸಿ ಮೇಲೆ ಬಾಡಿ ಕೂರಿಸಿದ್ದಲ್ಲ, ಕಾರಿನ ಹಾಗೆ ಒಂದೇ ಮೈ.

ಡೀಸೆಲ್ ಬೇಡ ಅಂದವರೂ ಇದ್ದರು. ಅದರಲ್ಲಿ ಅರ್ಧ ಸತ್ಯ ಇದೆ. 2020ರ ಏಪ್ರಿಲ್‌ನಲ್ಲಿ ಹೊಗೆ ಕಮ್ಮಿ ಮಾಡುವ ಬಿಎಸ್6 ನಿಯಮ ಬಂದ ಮೇಲಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಆಗಾಗ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಿಸಬೇಕು. ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಅಂತ ಓಡಿಸುವವರಿಗೆ ಅದು ತಲೆನೋವು. ನಾನು ನೋಡುತ್ತಿದ್ದ ಅದಕ್ಕಿಂತ ಹಿಂದಿನ ಬಿಎಸ್4 ಗಾಡಿಯಲ್ಲಿ ಆ ರಗಳೆ ಇಲ್ಲ. ನನ್ನಂಥವಳಿಗೆ ಹಳತೇ ಒಳ್ಳೆಯದಾಯಿತು.

ಇನ್ನು ನೋಡುವ ಕ್ರಮಕ್ಕೆ ಬರುತ್ತೇನೆ. ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ನಾನು ಡಿಕ್ಕಿ ಬಾಗಿಲು ತೆಗೆದು, ಮೂರನೇ ಸಾಲಿಗೆ ಹತ್ತಿ ಕೂರುತ್ತಿದ್ದೆ. ಬಾನೆಟ್ಟಿನ ಒಳಗೆ ತೊಳೆದು ಪಾಲಿಶ್ ಹಾಕಿ ಇಟ್ಟಿರುತ್ತಾರೆ. ಹಿಂದಿನ ಸಾಲನ್ನು ಯಾರೂ ಅಷ್ಟು ಹಚ್ಚಿಕೊಳ್ಳುವುದಿಲ್ಲ. ಗಾಡಿಯ ಜಾತಕ ಇರುವುದು ಅಲ್ಲಿ.

ಮನೆಯವರೇ ಓಡಿಸಿದ ಗಾಡಿಯಲ್ಲಿ ಹಿಂದಿನ ಸೀಟು ಹೆಚ್ಚುಕಮ್ಮಿ ಹೊಸದಾಗಿಯೇ ಇರುತ್ತದೆ. ವರ್ಷಕ್ಕೆ ಕೆಲವು ಸಲ ಮಕ್ಕಳು ಕೂತಿರಬಹುದು, ಅಷ್ಟೆ. ಅದೇ ಸ್ಪಂಜು ಕುಸಿದು, ಸೀಟು ಮಡಚುವ ಲಿವರಿನ ಬಣ್ಣ ಉಜ್ಜಿ ಹೋಗಿ, ಬಾಗಿಲಿನ ಹಿಡಿ ಸವೆದಿದ್ದರೆ ಅದು ಬಾಡಿಗೆಗೆ ಓಡಿದ ಗಾಡಿ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಯಿಸಲು ಕಾನೂನಿನಲ್ಲಿ ಅವಕಾಶ ಇದೆ, ತಪ್ಪೇನಿಲ್ಲ. ಆದರೆ ಆ ವಿಷಯ ಮಾರುವವರ ಬಾಯಿಂದ ಬರಬೇಕಲ್ವಾ? ಉಪ್ಪಳದ ಕಡೆ ಒಂದು ಗಾಡಿ ಮೀಟರಿನಲ್ಲಿ 60 ಸಾವಿರ ತೋರಿಸುತ್ತಿತ್ತು. ಹಿಂದಿನ ಸೀಟು ಬೇರೆಯೇ ಕಥೆ ಹೇಳುತ್ತಿತ್ತು. ನಾನು ಸುಮ್ನೆ ಬಾಗಿಲು ಹಾಕಿ ಬಂದೆ.

ನೀರು ನುಗ್ಗಿದ ಗಾಡಿಯೂ ಸಿಕ್ಕಿ ಬೀಳುವುದು ಅಲ್ಲೇ. ಹಿಂದಿನ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಮುಂದಿನ ಬೆಲ್ಟು ಬದಲಾಯಿಸಿರುತ್ತಾರೆ, ಹಿಂದಿನದ್ದು ಮರೆತಿರುತ್ತಾರೆ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಬೇರೆ ಪರೀಕ್ಷೆಯೇ ಬೇಡ. 2018ರ ನೆರೆಯಲ್ಲಿ ಕೇರಳದ ತೆಂಕಣ ಜಿಲ್ಲೆಗಳಲ್ಲಿ ಎಷ್ಟೋ ಗಾಡಿಗಳು ಮುಳುಗಿದ್ದವು, ಅವೆಲ್ಲ ಗುಜರಿಗೆ ಹೋಗಿಲ್ಲ. ಹಾಗೆಯೇ ಮ್ಯಾಟ್ ಎತ್ತಿ ನೋಡಿ, ಬಗ್ಗಿ ಗಾಡಿಯ ಅಡಿಯನ್ನೂ ನೋಡಿ. ಈ ದೊಡ್ಡ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಸ್ಟೆಪ್ನಿ ಹಿಂದೆ ಅಡಿಯಲ್ಲಿ ನೇತಾಡುತ್ತದೆ. ನಮ್ಮದು ಕಡಲ ಬದಿಯ ಜಿಲ್ಲೆ, ಉಪ್ಪು ಗಾಳಿ. ತುಕ್ಕು ಮೊದಲು ಹಿಡಿಯುವುದು ಅಂಥ ಮೂಲೆಗಳಲ್ಲಿ.

ಎರಡು ಗಾಡಿ ನೋಡಲು ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ಅವರಿಗೆ ಮೊಣಕಾಲು ನೋವು. ಡೀಲರ್ ಹುಡುಗ ಸನ್‌ರೂಫ್, ಟಚ್ ಸ್ಕ್ರೀನ್ ಅಂತ ಹೇಳುತ್ತಾ ಇದ್ದ. ಅತ್ತೆ "ಕಾಲು ಎಲ್ಲಿ ಇಡುವುದು?" ಅಂತ ಕೇಳಿದರು. ಅವನ ಹತ್ತಿರ ಉತ್ತರ ಇರಲಿಲ್ಲ. ನೆಲದಿಂದ ಫುಟ್‌ಬೋರ್ಡ್ ಎಷ್ಟು ಎತ್ತರ, ಹತ್ತುವಾಗ ಹಿಡಿಯಲು ಹಿಡಿ ಇದೆಯಾ, ಮಧ್ಯದ ಸೀಟು ಮಗುಚಿದರೆ ಹಿಂದೆ ಹೋಗಲು ಎಷ್ಟು ಜಾಗ ಸಿಗುತ್ತದೆ. ಮನೆಯ ಗಾಡಿಗೆ ಇದಕ್ಕಿಂತ ದೊಡ್ಡ ಫೀಚರ್ ಇಲ್ಲ. ಎಸಿ ಹಾಕಿ ಹತ್ತು ನಿಮಿಷ ಹಿಂದೆ ಕೂತು ನೋಡಿ, ಗಾಳಿ ಅಲ್ಲಿ ತನಕ ಬರುತ್ತದಾ ಅಂತ. ಮುಂದೆ ಕೂತು ಟೆಸ್ಟ್ ಡ್ರೈವ್ ಮಾಡಿದರೆ ಇದೊಂದೂ ಗೊತ್ತಾಗುವುದಿಲ್ಲ.

ಎಂಜಿನಿಗೆ ನನ್ನದು ಒಂದೇ ಷರತ್ತು. ನಾನು ಬರುವ ಮೊದಲು ಸ್ಟಾರ್ಟ್ ಮಾಡಬಾರದು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಶಬ್ದ, ಹೊಗೆಯ ಬಣ್ಣ ಎಲ್ಲ ಬಯಲಿಗೆ ಬರುತ್ತದೆ. ಬಾನೆಟ್ ಮುಟ್ಟಿ ಬಿಸಿ ಇದೆ ಅಂತ ಗೊತ್ತಾದರೆ ನಾಳೆ ಬರುತ್ತೇನೆ ಅಂತ ಹೇಳುತ್ತಿದ್ದೆ. ಉಳಿದದ್ದು ಮೆಕ್ಯಾನಿಕ್ ನೋಡಿಕೊಂಡರು.

ಕಾಸರಗೋಡಿನಲ್ಲಿ ಹಳೆ ಗಾಡಿ ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ. ಒಂದು ಡೆಲ್ಲಿ ಗಾಡಿ. ಅಲ್ಲಿ ಹತ್ತು ವರ್ಷದ ಡೀಸೆಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ ಮೇಲೆ ಅಂಥವು ಎಷ್ಟೋ ರೈಲು, ಟ್ರಕ್ ಹತ್ತಿ ಕೇರಳಕ್ಕೆ ಬಂದವು. ಫೋಟೋದಲ್ಲಿ ಫಳಫಳ, ಬೆಲೆಯೂ ಕಮ್ಮಿ. ಎಕ್ಸ್‌ಯುವಿ500 ನೋಡುವವರು ಇನ್ನೊಂದು ಗಮನಿಸಬೇಕು. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಡೆಲ್ಲಿ ಸುತ್ತಮುತ್ತ 2000 ಸಿಸಿಗಿಂತ ದೊಡ್ಡ ಡೀಸೆಲ್ ಗಾಡಿಗಳ ರಿಜಿಸ್ಟ್ರೇಶನ್ ನಿಲ್ಲಿಸಿತು. ಆಗ ಅಲ್ಲಿಗೆ ಅಂತಲೇ 1.99 ಲೀಟರ್ ಎಂಜಿನ್ ಮಾಡಿದರು. 2016ರ ಆಗಸ್ಟಿನಲ್ಲಿ ಆ ತಡೆ ಹೋಯಿತು. ಹಾಗಾಗಿ ಡೆಲ್ಲಿಯ 2016ರ ಗಾಡಿ ಆದರೆ ಆರ್‌ಸಿಯಲ್ಲಿ ಸಿಸಿ ಎಷ್ಟು ಅಂತ ಓದಿ. 2179 ಇದ್ದರೆ ಮಾಮೂಲಿ ಎಂಜಿನ್.

ಎರಡನೆಯದು ಗಡಿ ಆಚೆಯದ್ದು. ಪುತ್ತೂರು, ಮಂಗಳೂರಿನ ಕೆಎ ಗಾಡಿಗಳು. ನಮಗೆ ಮದುವೆ, ಆಸ್ಪತ್ರೆ, ಪೇಟೆ ಎಲ್ಲ ಅಲ್ಲೇ, ಗಾಡಿ ಮಾತ್ರ ಯಾಕೆ ಬೇಡ? ಪುತ್ತೂರಿನಲ್ಲಿ ನೋಡಿದ ಒಂದು ನಾನು ಕೊನೆಗೆ ಕೊಂಡದ್ದಕ್ಕಿಂತ ಐವತ್ತು ಅರವತ್ತು ಸಾವಿರ ಕಮ್ಮಿಗೆ ಬರುತ್ತಿತ್ತು. ಆದರೆ ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಹೊಸ ನಂಬರ್ ಹಾಕಿಸಲೇಬೇಕು. ಮೊದಲು ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಅಭ್ಯಂತರ ಇಲ್ಲ ಅನ್ನುವ ಪತ್ರ, ಎನ್‌ಒಸಿ. ಸಾಲ ಇದ್ದದ್ದಾದರೆ ಬ್ಯಾಂಕಿನ ಪತ್ರ, ಫಾರಂ 35. ಆಮೇಲೆ ಇಲ್ಲಿ ಗಾಡಿ ತೋರಿಸಿ, ಫಾರಂ 27 ಕೊಟ್ಟು, ಗಾಡಿಯ ಮೂಲ ಬೆಲೆ ಮತ್ತು ಪ್ರಾಯ ನೋಡಿ ಹಾಕುವ ಕೇರಳದ ತೆರಿಗೆ ಕಟ್ಟಬೇಕು. ಅಲ್ಲಿ ಕಟ್ಟಿದ ತೆರಿಗೆಯ ಉಳಿಕೆ ವಾಪಸು ಕೇಳಬಹುದು, ಆದರೆ ಹೊಸ ಆರ್‌ಸಿ ಕೈಗೆ ಬಂದ ಮೇಲೆ. ಆ ಹಣವನ್ನು ಗಾಡಿಯ ಬಜೆಟಿಗೆ ಸೇರಿಸಬೇಡಿ. ದೊಡ್ಡ ಗಾಡಿಗೆ ಮೂಲ ಬೆಲೆ ದೊಡ್ಡದು, ತೆರಿಗೆಯೂ ದೊಡ್ಡದು. ಅರವತ್ತು ಸಾವಿರದ ಲಾಭ ಗಡಿಯ ತಲಪಾಡಿ ದಾಟುವಾಗಲೇ ಕರಗುತ್ತದೆ.

ಮೂರನೆಯದು ಗಲ್ಫ್‌ನವರ ಗಾಡಿ. ನಾನು ಕೊಂಡದ್ದು ಅದು. 2016ರ ಎಕ್ಸ್‌ಯುವಿ500, ಡಬ್ಲ್ಯು8 ಮಾದರಿ, ಕಾಸರಗೋಡಿನದ್ದೇ ಕೆಎಲ್ 14 ನಂಬರು, ಒಬ್ಬರೇ ಓನರ್. ಕುಂಬಳೆ ಹತ್ತಿರದ ಮನೆ. ಅವರು ರಜೆಗೆ ಬಂದಾಗ ಮಾತ್ರ ಓಡಿಸುತ್ತಿದ್ದರು. ಮೀಟರಿನಲ್ಲಿ 48 ಸಾವಿರ, ಸರ್ವಿಸ್ ಬಿಲ್ಲುಗಳೂ ಅದಕ್ಕೆ ತಾಳೆ ಆಗುತ್ತಿದ್ದವು. ಹಿಂದಿನ ಸೀಟಿನ ಒಂದು ಬದಿಯಲ್ಲಿ ಕಂಪೆನಿಯ ಪ್ಲಾಸ್ಟಿಕ್ ಕವರಿನ ಚೂರು ಇನ್ನೂ ಅಂಟಿಕೊಂಡಿತ್ತು.

ಕಮ್ಮಿ ಓಡಿದೆ ಅಂತ ಕುಣಿಯಬೇಡಿ. ಪೋರ್ಚಿನಲ್ಲಿ ನಿಂತ ಗಾಡಿಗೆ ಅದರದ್ದೇ ಕಾಯಿಲೆಗಳಿವೆ. ರಬ್ಬರ್ ಗಟ್ಟಿಯಾಗುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ವಯರ್ ಕಡಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 1416 ಅಂತಿದ್ದರೆ 2016ರ 14ನೇ ವಾರದಲ್ಲಿ ತಯಾರಾದದ್ದು. ಇದರಲ್ಲಿ ಐದೂ ಟೈರು 2016ರದ್ದೇ. ಗೆರೆ ಚೆನ್ನಾಗಿಯೇ ಇತ್ತು, ಬದಿಯಲ್ಲಿ ಸಣ್ಣ ಸಣ್ಣ ಬಿರುಕು. 235/65 ಆರ್17 ಸೈಜಿನ ಟೈರು ಸಸ್ತಾ ಅಲ್ಲ. ಟೈರು, ಬ್ಯಾಟರಿ, ಎಲ್ಲ ಆಯಿಲ್, ಕೂಲೆಂಟ್ ಅಂತ ಬರೆದು ಪಟ್ಟಿಯನ್ನು ಓನರ್ ತಂದೆಯವರ ಮುಂದೆ ಇಟ್ಟೆ. ಅವರು ಮಲಯಾಳದಲ್ಲಿ ಬೈದರು, ನಾನು ತುಳುವಿನಲ್ಲಿ ನಕ್ಕೆ. ಏಳು ಮುಕ್ಕಾಲು ಹೇಳಿದ್ದು ಆರು ತೊಂಬತ್ತಕ್ಕೆ ಮುಗಿಯಿತು.

ಕಾಗದದ ಕೆಲಸ ಸುಲಭ ಆಯಿತು. ಫಾರಂ 29, 30, ಆನ್‌ಲೈನ್ ಅರ್ಜಿ. ಹಣ ಕೊಡುವ ಮೊದಲು ಸರಕಾರದ ವೆಬ್‌ಸೈಟ್ ಪರಿವಾಹನ್‌ನಲ್ಲಿ ನಂಬರ್ ಹಾಕಿ ಸಾಲ, ಇನ್ಶೂರೆನ್ಸ್, ದಂಡ ಬಾಕಿ ಎಲ್ಲ ನೋಡಿದೆ. 2023ರ ಜೂನ್‌ನಿಂದ ಕೇರಳದ ರಸ್ತೆಗಳಲ್ಲಿ ಎಐ ಕ್ಯಾಮೆರಾ ದಂಡ ಶುರುವಾದ ಮೇಲೆ ಈ ಕೊನೆಯದ್ದು ಮುಖ್ಯ. ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಹಳೆ ಓನರಿನ ನೋ ಕ್ಲೇಮ್ ಬೋನಸ್ ಅವರದ್ದು, ಗಾಡಿಯದ್ದಲ್ಲ. ಪಾಲಿಸಿ ನಮ್ಮ ಹೆಸರಿಗೆ ಮಾಡಿಸುವಾಗ ಅದರ ವ್ಯತ್ಯಾಸ ನಾವು ಕಟ್ಟಬೇಕು. 14 ದಿನದೊಳಗೆ ಕಂಪೆನಿಗೆ ತಿಳಿಸಬೇಕು. ಡೀಲರ್ ಹತ್ತಿರ ಕೊಳ್ಳುವವರು ಅವರ ಆರ್‌ಟಿಒ ಅನುಮತಿ ಪತ್ರ ಕೇಳಿ. 2023ರ ಏಪ್ರಿಲ್‌ನಿಂದ ಅದು ಬೇಕೇ ಬೇಕು.

ಗಾಡಿ ಮನೆಗೆ ಬಂದ ಮೇಲೆ ಮೊದಲ ಮಳೆಗಾಲದಲ್ಲಿ ಒಂದು ಸಂಗತಿ ತಿಳಿಯಿತು. ರಸ್ತೆಯಿಂದ ನಮ್ಮ ಮನೆಗೆ ಇಳಿಯುವ ದಾರಿ ಮುರಕಲ್ಲು ಕಡಿದು ಮಾಡಿದ್ದು, ಕಡಿದಾದ ಏರು, ಜೂನ್ ಬಂದರೆ ಪಾಚಿ. ಈ ಗಾಡಿ ಎಳೆಯುವುದು ಮುಂದಿನ ಚಕ್ರದಿಂದ. ಹಿಂದಿನ ಸಾಲಿನಲ್ಲೂ ಜನ ಕೂತು ಏರು ಹತ್ತುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಮುಂದಿನ ಚಕ್ರಕ್ಕೆ ಹಿಡಿತ ಕಮ್ಮಿ ಆಗಿ ತಿರುಗಿದಲ್ಲೇ ತಿರುಗುತ್ತದೆ. ಹಳೆ ಇನ್ನೋವಾ ಹಿಂದಿನ ಚಕ್ರದಿಂದ ತಳ್ಳುವುದು, ಅದಕ್ಕೆ ಇದೇ ಭಾರ ಉಪಕಾರ. ಹಾಗಾಗಿ ಜೋರು ಮಳೆಯಲ್ಲಿ ಹಿಂದಿನ ಸಾಲಿನವರು ಇಳಿದು, ಕೊಡೆ ಹಿಡಿದು ರಸ್ತೆ ತನಕ ನಡೆಯುತ್ತಾರೆ. ಹೊಸ ಟೈರು ಹಾಕಿದ ಮೇಲೆ ಅದೂ ಅಪರೂಪ. ಗುಡ್ಡೆಯ ಮನೆಯವರು ಟೆಸ್ಟ್ ಡ್ರೈವನ್ನು ಹೈವೇಯಲ್ಲಿ ಮಾಡದೆ ತಮ್ಮ ಏರಿನಲ್ಲೇ ಮಾಡುವುದು ಒಳ್ಳೆಯದು.

ಮೈಲೇಜ್ ನಮ್ಮ ರಸ್ತೆಯಲ್ಲಿ ಹನ್ನೆರಡು, ಹದಿಮೂರು. 70 ಲೀಟರ್ ಟ್ಯಾಂಕು. ಕರ್ನಾಟಕದಲ್ಲಿ ಡೀಸೆಲ್ ಇಲ್ಲಿಗಿಂತ ಕಮ್ಮಿ, ಅದಕ್ಕೆ ವಿಟ್ಲದ ಕಡೆ ಹೋದಾಗಲೇ ತುಂಬಿಸುತ್ತೇನೆ. ಇಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಏಳು ಜನ ಕೂತರೆ ಡಿಕ್ಕಿಯಲ್ಲಿ ಬ್ಯಾಗಿಗೆ ಜಾಗ ಇಲ್ಲ, ಅದು ಗೊತ್ತಿದ್ದೇ ಕೊಂಡದ್ದು. ಗಂಡನಿಗೆ ಮಾತ್ರ ಹಿಂದಿನ ಸೀಟು ಮಡಚಿದರೆ ಕ್ಯಾಂಪ್ಕೋಗೆ ಅಡಿಕೆ ಗೋಣಿ ಸಾಗಿಸಬಹುದಲ್ಲ ಅಂತ. ನಾನು ಬಿಡಲಿಲ್ಲ.

2031ಕ್ಕೆ ಗಾಡಿಗೆ ಹದಿನೈದು ತುಂಬುತ್ತದೆ. ಆಗ ಫಿಟ್‌ನೆಸ್, ಆರ್‌ಸಿ ನವೀಕರಣ, ಹಸಿರು ತೆರಿಗೆ. ಮಗಳಿಗೂ ಅದೇ ವರ್ಷ ಲೈಸನ್ಸಿನ ಪ್ರಾಯ. ಇದು ನನಗೇ ಇರಲಿ ಅಂತ ಈಗಲೇ ಹೇಳಿಟ್ಟಿದ್ದಾಳೆ. ಆಗಲಿ, ಆದರೆ ನಮ್ಮ ಏರನ್ನು ರಿವರ್ಸಿನಲ್ಲಿ ಇಳಿಸಲು ಕಲಿತ ಮೇಲೆ ಅಂದೆ.