ರಿಲೀಸ್ ನೋಟ್ಸ್‌ನಲ್ಲಿ ಯಾರ ಹೆಸರು?

ಪುಣೆಯಲ್ಲಿರುವ ನಾವು ಕೆಲವು ಕನ್ನಡಿಗರು ಸೇರಿ ನಡೆಸುವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟಿಗೆ ಈಗ ರಿಲೀಸ್ ನೋಟ್ಸ್, ಅಂದರೆ ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಎಂಬ ಟಿಪ್ಪಣಿ, ತಾನಾಗಿಯೇ ತಯಾರಾಗುತ್ತಿದೆ. ನಾವು ಕೋಡ್ ಇಟ್ಟಿರುವ ಗಿಟ್‌ಹಬ್ ತಾಣ 2021ರಲ್ಲೇ ಕೊಟ್ಟ ಸೌಲಭ್ಯ ಇದು. ಹಿಂದಿನ ಬಿಡುಗಡೆಯಿಂದ ಈಚೆಗೆ ಮರ್ಜ್ ಆದ (ಮೂಲ ಕೋಡಿಗೆ ಸೇರಿದ) ಪುಲ್ ರಿಕ್ವೆಸ್ಟ್‌ಗಳನ್ನೆಲ್ಲ, ಅಂದರೆ ಜನ ಕಳಿಸಿದ ಕೋಡ್ ಬದಲಾವಣೆಗಳನ್ನೆಲ್ಲ, ಹೆಕ್ಕಿ, ನಾವು ಹೇಳಿಟ್ಟ ಲೇಬಲ್ ಪ್ರಕಾರ ವಿಂಗಡಿಸಿ ಕೊಡುತ್ತದೆ. ಮೊದಲ ಸಲ ಕೋಡ್ ಕೊಟ್ಟವರ ಹೆಸರನ್ನು ಬೇರೆಯಾಗಿಯೇ ಪಟ್ಟಿ ಮಾಡುತ್ತದೆ. ಇದು ನನಗೆ ತುಂಬ ಇಷ್ಟವಾಯಿತು. ಕೋಥರೂಡದ ಪಿಜಿಯಲ್ಲಿರುವ ಕಲಬುರಗಿಯ ಹುಡುಗಿ ತನ್ನ ಹೆಸರಿದ್ದ ಆ ಪಟ್ಟಿಯ ಸ್ಕ್ರೀನ್‌ಶಾಟ್ ಮನೆಗೆ ಕಳಿಸಿದ್ದಾಳೆ. "ಅಣ್ಣಾ, ನಮ್ಮಪ್ಪಾಜಿ ಓಣಿ ಮಂದಿಗೆಲ್ಲ ತೋರಿಸ್ಯಾರ್ರಿ" ಅಂದಳು.

ಆದರೆ ಆ ಪಟ್ಟಿಗೆ ಕಾಣುವುದು ಪುಲ್ ರಿಕ್ವೆಸ್ಟ್ ಮಾತ್ರ. ಒತ್ತಕ್ಷರ ಒಡೆಯುತ್ತಿದೆ ಎಂದು ಚಿತ್ರಸಮೇತ ತಿಳಿಸಿದವರು, ರಾತ್ರಿ ಕೂತು ರಿವ್ಯೂ ಮಾಡಿದವರು ಅದರಲ್ಲಿ ಬರುವುದಿಲ್ಲ. ಪುಲ್ ರಿಕ್ವೆಸ್ಟ್‌ನ ಶೀರ್ಷಿಕೆಯಲ್ಲಿ 'ಸಣ್ಣ ಫಿಕ್ಸ್' ಅಂತಿದ್ದರೆ ನೋಟ್ಸ್‌ನಲ್ಲೂ ಅಷ್ಟೇ. ಅಪ್‌ಡೇಟ್ ಮಾಡಿದರೆ ಹಳೆಯ ಸೆಟ್ಟಿಂಗ್ ಏನಾಗುತ್ತದೆ ಎಂದು ಬಳಸುವವರಿಗೆ ಯಾರು ಹೇಳಬೇಕು? ಹಾಗಾಗಿ ಯಂತ್ರ ಕೊಟ್ಟಿದ್ದು ಡ್ರಾಫ್ಟ್ ಆಗಿರಲಿ, ನೋಟ್ಸ್‌ನ ಮೊದಲ ಎರಡು ಪ್ಯಾರಾ ಮತ್ತು ಕೃತಜ್ಞತೆಯ ಸಾಲುಗಳನ್ನು ನಾವೇ ಬರೆಯೋಣ ಎಂದು ಗೆಳೆಯರ ಹತ್ತಿರ ಪಟ್ಟು ಹಿಡಿದಿದ್ದೇನೆ. ಒಪ್ಪಿದ್ದಾರೆ. ಮುಂದಿನ ಆವೃತ್ತಿಯದು ನನ್ನ ಪಾಳಿ.